ಅಂಕುರವೆಂಬ ಹೆಸರಿನ ಹಳ್ಳಿ

ಇಸ್ರೇಲ್ ದೇಶದ ದಕ್ಷಿಣಕ್ಕೆ ನೆಗೆವ್ ಎಂಬ ಮರುಭೂಮಿಯುಂಟು. ಅಲ್ಲಿ ಬೇರ್ಷೆಬ ಪಟ್ಟಣದ ಸಮೀಪದಲ್ಲಿ ನೆವಾತೀಮ್ ಎಂಬುದೊಂದು ಸಣ್ಣ ಹಳ್ಳಿ. ಹೀಬ್ರೂ ಭಾಷೆಯಲ್ಲಿ ಈ ಹೆಸರಿಗೆ ಮೊಳಕೆಗಳೆಂದರ್ಥ. ಸಂಸ್ಕೃತದ 'ಅಂಕುರ'ವೆಂದರೂ ಸಲ್ಲುವುದು. 1946ರಲ್ಲಿ ಹುಟ್ಟಿದ ಈ ಹಳ್ಳಿಯಲ್ಲಿ 1954ರಲ್ಲಿ ಹೊಸದಾಗಿ ಒಕ್ಕಲು ಹೂಡಿದವರು ಬೇರೆ ಯಾರೂ ಅಲ್ಲ, ನಮ್ಮ ನೆರೆಯ ಕೊಚ್ಚಿಯ ಯೆಹೂದ್ಯರು.

ಕ್ರಿ.ಶ. 1000ದ ಸುಮಾರಿಗೆ ಭಾಸ್ಕರ ರವಿವರ್ಮನೆಂಬ ಅರಸನು ಜೋಸೆಫ್ ರಬ್ಬಾನನೆಂಬ ಯೆಹೂದ್ಯ ಮುಖಂಡನಿಗೆ ತಾಮ್ರಶಾಸನದ ಮೂಲಕ 72 ಗೌರವಗಳನ್ನು ದಯಪಾಲಿಸಿದ್ದನು. ಇಂತಹ ನೆಲವನ್ನು ಅವರು ಬಿಟ್ಟದ್ದು ಯಾರ ಕಾಟದಿಂದಲೂ ಅಲ್ಲ. ಧರ್ಮಗ್ರಂಥದಲ್ಲಿ ಹೇಳಿದ ನಾಡಿಗೆ ಹೋಗಬೇಕೆಂಬ ಹಂಬಲದಿಂದ. ಆದರೆ ಅಲ್ಲಿಯ ವೈದ್ಯಾಧಿಕಾರಿಗಳು ಆನೆಕಾಲು ರೋಗದ ಭಯದಿಂದ ಇವರನ್ನು ಬಹುಕಾಲ ತಡೆದರು. ವೈದ್ಯರ ಎಚ್ಚರಿಕೆಯನ್ನು ನಾವು ಹಳಿಯಲಾರೆವು. ಆದರೂ ಮನೆಮಾರುಗಳನ್ನು ಮಾರಿ ಗಂಟುಕಟ್ಟಿ ಕುಳಿತವರ ಸಂಕಟವು ಕಡಮೆಯದೇ? 1953ರಲ್ಲಿ ಕೊಚ್ಚಿಯ ವಕೀಲ ಎ. ಬಿ. ಸೇಲಂ ಅವರು ತಾವೇ ಇಸ್ರೇಲಿಗೆ ಹೋಗಿ ಇವರ ಪರವಾಗಿ ಮಾತನಾಡಿದರು. ಊರವರನ್ನು ಕಳುಹಿಸಲು ದುಡಿದ ಈ ಮಹನೀಯರು ಮಾತ್ರ ಕೊಚ್ಚಿಯಲ್ಲಿಯೇ ಉಳಿದು, 1967ರಲ್ಲಿ ತೀರಿಕೊಂಡರು.

ಹೋದವರಲ್ಲಿ ಬಹುಮಂದಿ ವ್ಯಾಪಾರಿಗಳು, ನೇಗಿಲು ಹಿಡಿದವರಲ್ಲ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 120 ಅಂಗುಲ ಮಳೆ. ಬೇರ್ಷೆಬದಲ್ಲಿ 8 ಅಂಗುಲ! ಈ ಬಗೆಯ ಹಳ್ಳಿಗೆ 'ಮೋಶಾವ್' ಎಂದು ಹೆಸರು. ಮನೆಯೂ ಹೊಲವೂ ಕುಟುಂಬಕ್ಕೊಂದು. ಕೊಳ್ಳುವುದೂ ಮಾರುವುದೂ ಒಕ್ಕೂಟದಿಂದ. ಕೋಳಿಗಳನ್ನು ಸಾಕಿ, ಹೂವು ಬೆಳೆದು ಇವರು ನೆಲೆಗೊಂಡರು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಶಬ್ಬತ್ ವ್ರತ. ಆಗ ಒಲೆ ಹೊತ್ತಿಸಲಾಗದು. ಪೈರು ಬಾಡುತ್ತಿದ್ದರೂ ನೀರಿನ ಕೊಳವೆಯನ್ನು ಕೈಯಿಂದ ತಿರುಗಿಸಲಾಗದು. ಮರುಭೂಮಿಯ ಒಕ್ಕಲಿಗನಿಗೆ ಇದು ಎಷ್ಟು ಕಠಿಣವೆಂಬುದನ್ನು ಏಕಾದಶಿಯ ಉಪವಾಸವಿರುವ ನಮ್ಮ ಗೃಹಿಣಿಯರು ಅರ್ಥಮಾಡಿಕೊಂಡಾರು.

ಕೊಚ್ಚಿಯ ಮಾದರಿಯ ಪ್ರಾರ್ಥನಾಮಂದಿರವು ಹಳ್ಳಿಯಲ್ಲಿದೆ. ಮರಗೆಲಸವನ್ನು ಮತ್ತೆ ಮಾಡಿಸಬಹುದು. ಮಾತಿನ ಗತಿ ಬೇರೆ. ಈ ಜನರ ಹೆಂಗಸರು ಮದುವೆ ಹಬ್ಬಗಳಲ್ಲಿ ಮಲೆಯಾಳದ ಹಾಡುಗಳನ್ನು ಹೇಳುತ್ತಿದ್ದರು. ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ತಾಯಿ ಮಗಳಿಗೆ ಕಲಿಸುತ್ತಿದ್ದರು. ಇಸ್ರೇಲಿನ ಶಾಲೆಗಳಲ್ಲಿ ಹೀಬ್ರೂ ಕಲಿತ ಮಕ್ಕಳಿಗೆ ಆ ಪುಸ್ತಕಗಳ ಲಿಪಿಯೇ ಅಪರಿಚಿತವಾಯಿತು. ಸಂಶೋಧಕರು ವೃದ್ಧೆಯರ ಬಳಿ ಕುಳಿತು ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 2004ರಲ್ಲಿ ಜೆರೂಸಲೇಮಿನಿಂದ ಒಂದು ಸಂಗ್ರಹವು ಹೊರಬಂದಿತು. ಈಚೆಗೆ ಕೆಲವು ಹೆಂಗಸರು, ಅರ್ಥವು ಪೂರ್ಣವಾಗಿ ತಿಳಿಯದಿದ್ದರೂ, ಅಜ್ಜಿಯರ ಹಾಡುಗಳನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದುಕೊಂಡು ಕಲಿಯುತ್ತಿದ್ದಾರೆ.