ಎದೆಗೂದಲಿನ ವಿಷಯವಾಗಿ ಒಂದಿಷ್ಟು

ಗಂಡಸು ಎದೆಯ ಕೂದಲು ತೆಗೆಸಿಕೊಳ್ಳಬೇಕೋ ಬಾರದೋ ಎಂಬ ಬಗ್ಗೆ ನಮ್ಮ ಸಾಹಿತ್ಯಕೂಟದಲ್ಲಿ ಈಗಾಗಲೇ ಒಂದಿಡೀ ಸಂಜೆ ಚಹಾ ಸಮೇತ ಖರ್ಚಾಗಿದೆ. ಒಬ್ಬರು ಇದು ಬಂಡವಾಳಶಾಹಿಯ ಪಿತೂರಿ ಎಂದರು. ಇನ್ನೊಬ್ಬರು ಗಂಡಸುತನಕ್ಕೆ ಬಗೆದ ದ್ರೋಹ ಎಂದರು. ಮೂರನೆಯವರು (ಅವರ ಎದೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲ) ಇದೆಲ್ಲ ಸಾಹಿತ್ಯಕೂಟದಲ್ಲಿ ಮಾತಾಡುವ ವಿಷಯವೇ ಅಲ್ಲ ಎಂದು ಎದ್ದು ಹೋದರು. ಇಷ್ಟೆಲ್ಲ ಆದರೂ, ತೆಗೆಯುವುದೇ ಆದರೆ ಹೇಗೆ ತೆಗೆಯಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ತೆಗೆಸಿಕೊಳ್ಳುವವರು ನಮ್ಮ ಚರ್ಚೆಗೆ ಕಾಯುತ್ತಾ ಕೂತಿಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆಯ ಜಿಮ್ಮುಗಳಲ್ಲಿ ನಮ್ಮ ವಯಸ್ಸಿನವರ ಎದೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಆದರೆ ಅದೇ ಎದೆಗಳ ಮೇಲೆ ಕೆಂಪು ಗುಳ್ಳೆ, ಕಪ್ಪು ಕಲೆ, ಸುಟ್ಟ ಗೆರೆಗಳನ್ನೂ ನಾನು ನೋಡಿದ್ದೇನೆ. ನನ್ನ ಎದೆಯೂ ಆ ಪಟ್ಟಿಯಲ್ಲಿ ಸೇರಿರುವುದರಿಂದ ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ.

ನಡೆದದ್ದು ಹೀಗೆ. ಜಿಮ್ಮಿನಲ್ಲಿ ನನಗೆ ಕರಡಿ ಅಂತ ಹೆಸರಿಟ್ಟಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲಾಮೇಲೆ ಬನಿಯನ್ ಹಾಕದೆ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟೆ. ಕಳೆದ ಮೇ ತಿಂಗಳಲ್ಲಿ ಊರಿಗೆ ಹೊರಡುವ ಹಿಂದಿನ ದಿನ ಸ್ಟೇಷನ್ ಹತ್ತಿರದ ಒಂದು ಸಲೂನಿಗೆ ಹೋಗಿ ವ್ಯಾಕ್ಸ್ ಮಾಡಿಸಿಕೊಂಡೆ. ಬಿಸಿ ಮೇಣ ಬಳಿದು, ಬಟ್ಟೆಯ ಪಟ್ಟಿ ಒತ್ತಿ, ಸರಕ್ಕನೆ ಎಳೆದರು. ಎರಡು ಕಡೆ ಕೂದಲಿನ ಜತೆಗೆ ಚರ್ಮವೂ ಎದ್ದು ಬಂತು. ಆ ಹುಡುಗ ಹೆದರಿ ಐಸ್ ಇಟ್ಟ, ಅಲೋವೆರಾ ಹಚ್ಚಿದ, ದುಡ್ಡು ಮಾತ್ರ ಪೂರಾ ತಗೊಂಡ.

ಮರುದಿನ ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದೆ. ಸ್ಲೀಪರ್ ಕೋಚು, ಮೇ ತಿಂಗಳ ಸೆಕೆ, ಮೈಗಂಟಿದ ಪಾಲಿಯೆಸ್ಟರ್ ಶರ್ಟು. ಬುಡಸಮೇತ ಕಿತ್ತ ಪ್ರತಿ ಕೂದಲೂ ಚರ್ಮದಲ್ಲಿ ಒಂದು ಬಾಯಿ ತೆರೆದಿಟ್ಟು ಹೋಗಿರುತ್ತದೆ. ಅದರೊಳಕ್ಕೆ ರಾತ್ರಿಯಿಡೀ ಬೆವರು, ಧೂಳು, ಬಟ್ಟೆಯ ತಿಕ್ಕಾಟ. ಕುಂದಾಪುರದಲ್ಲಿ ಇಳಿಯುವಷ್ಟರಲ್ಲಿ ಎದೆ ತುಂಬ ಗುಳ್ಳೆ. ಮೂರನೇ ದಿನ ಮನೆಯವರೆಲ್ಲ ಉಡುಪಿಗೆ ಹೊರಟರು. ಕೃಷ್ಣಮಠದಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕೆಂಬುದು ನಿಮಗೆಲ್ಲ ಗೊತ್ತಿರುವುದೇ. ನಾನು ಟವೆಲ್ ಹೊದ್ದುಕೊಂಡೆ. ನೂಕುನುಗ್ಗಲಿನಲ್ಲಿ ಅದು ಜಾರಿತು. ದೊಡ್ಡಮ್ಮ ನೋಡಿಬಿಟ್ಟರು.

"ಎಂತದಾ ಮಗಾ ಇದ್? ಸರ್ಪಸುತ್ತಾ?"

ಅಜ್ಜಿಯೂ ಬಗ್ಗಿ ನೋಡಿದರು. ಸರ್ಪಸುತ್ತು ಮೈಯನ್ನು ಸುತ್ತಿ ಹೆಡೆಗೂ ಬಾಲಕ್ಕೂ ಕೂಡಿತೆಂದರೆ ಆ ಮನುಷ್ಯ ಉಳಿಯುವುದಿಲ್ಲ ಎಂದು ಅವರ ಕಾಲದ ನಂಬಿಕೆ. ನನಗೋ ಎಡಗಡೆಯೂ ಇತ್ತು, ಬಲಗಡೆಯೂ ಇತ್ತು. ದೇವರ ಎದುರೇ ಅಜ್ಜಿ ಅಳಲಿಕ್ಕೆ ಶುರು ಮಾಡಿದರು. ಕೆಮ್ಮಣ್ಣು ಹಚ್ಚುವವರನ್ನು ಕರೆಸಬೇಕು, ಸುಬ್ರಹ್ಮಣ್ಯಕ್ಕೆ ಹರಕೆ ಹೇಳಬೇಕು ಎಂಬಲ್ಲಿಯವರೆಗೆ ಮಾತು ಹೋಯಿತು. ನಾನು ಸತ್ಯ ಹೇಳಿದೆ. ಎಂಬತ್ತು ದಾಟಿದ ಮುದುಕಿಗೆ, ದುಡ್ಡು ಕೊಟ್ಟು ಎದೆಗೂದಲು ಕೀಳಿಸಿಕೊಂಡೆ ಅಂತ ಕನ್ನಡದಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವನಿಗೇ ಗೊತ್ತು. ಅಜ್ಜಿ ಕಣ್ಣೊರೆಸಿಕೊಂಡು, "ನಿನ್ ಅಜ್ಜನಿಗೆ ಇದರ ಎರಡು ಪಾಲು ಇತ್ತ್" ಎಂದರು. ಅದು ಸಮಾಧಾನವೋ ಬೈಗುಳವೋ ಇವತ್ತಿಗೂ ತಿಳಿದಿಲ್ಲ.

ಊರಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮೊಡವೆಗೆ ಮಾತ್ರೆ ತಗೊಳ್ತಾ ಇದ್ದೀಯಾ?" ತಗೊಳ್ಳುತ್ತಿದ್ದೆ. ಐಸೋಟ್ರೆಟಿನೊಯಿನ್. ನಮ್ಮ ಕಾಲೇಜಿನಲ್ಲೇ ಈ ಮಾತ್ರೆ ನುಂಗುವವರು ಸುಮಾರು ಜನ ಇದ್ದಾರೆ. ಇದು ಮುಖದ ಎಣ್ಣೆಗ್ರಂಥಿಗಳನ್ನು ಕುಗ್ಗಿಸುತ್ತದೆ, ಜತೆಗೆ ಇಡೀ ಮೈಯ ಚರ್ಮದ ಮೇಲ್ಪದರವನ್ನು ಸಡಿಲ ಮಾಡುತ್ತದೆ. ಆ ಹೊತ್ತಿನಲ್ಲಿ ಮೇಣ ಹಚ್ಚಿ ಎಳೆದರೆ ಚರ್ಮವೇ ಬರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ತಿಂಗಳು ವ್ಯಾಕ್ಸ್ ಕೂಡದು. ಸಲೂನಿನವನು ಇದನ್ನು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಡಾಕ್ಟರು ಇನ್ನೊಂದು ಮಾತು ಹೇಳಿದರು: ಎದೆಯ ನಡುಮೂಳೆಯ ಮೇಲಿನ ಚರ್ಮ ವಿಚಿತ್ರದ್ದು, ಸಣ್ಣ ಗಾಯವೂ ಕೆಲವರಲ್ಲಿ ಗಂಟುಗಟ್ಟಿ ಕೀಲಾಯ್ಡ್ ಆಗಿ ಉಬ್ಬುತ್ತದೆ. ನಮ್ಮಂಥ ಕಂದುಬಣ್ಣದವರಲ್ಲಿ ಇನ್ನೂ ಜಾಸ್ತಿ. ನನಗೆ ಹಾಗಾಗಲಿಲ್ಲ. ಮೂರು ಕಪ್ಪು ಕಲೆ ಉಳಿದಿವೆ, ಅಷ್ಟೇ.

ಹಾಗಾದರೆ ವ್ಯಾಕ್ಸ್ ಯಾರಿಗೂ ಬೇಡವೇ? ಮೊಡವೆ ಮಾತ್ರೆ ಇಲ್ಲದವನಿಗೆ, ಕೀಲಾಯ್ಡ್ ಪ್ರಕೃತಿ ಇಲ್ಲದವನಿಗೆ, ಚಳಿಗಾಲದಲ್ಲಿ, ಎರಡು ದಿನ ಮನೆಯಲ್ಲೇ ಹತ್ತಿಬಟ್ಟೆ ಹಾಕಿ ಕೂರಬಲ್ಲವನಿಗೆ ಅಡ್ಡಿಯಿಲ್ಲ. ಮೂರು ನಾಲ್ಕು ವಾರ ನುಣುಪಾಗಿರುತ್ತದೆ. ಆದರೆ ನಮ್ಮಲ್ಲಿ ಎರಡು ದಿನ ಮನೆಯಲ್ಲಿ ಕೂರುವವರು ಯಾರು? ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಲಿಯಿಂದ ಹೊರಟವನ ಎದೆ ಅವನದ್ದಾಗಿ ಉಳಿಯುವುದಿಲ್ಲ. ಮುಂದಿನವನ ಬ್ಯಾಗು, ಪಕ್ಕದವನ ಮೊಣಕೈ, ಹಿಂದಿನವನ ಬೆವರು, ಎಲ್ಲಕ್ಕೂ ಅದು ಸಾರ್ವಜನಿಕ ಆಸ್ತಿ. ಪರದೇಶದ ಪತ್ರಿಕೆಗಳು ಕೊಡುವ ಸಲಹೆ ಇಲ್ಲಿ ನಡೆಯದಿರಲು ಇದೇ ಕಾರಣ. ಅವರು ಬರೆಯುವುದು ಬೆವರದ ಎದೆಗಾಗಿ.

ಕೂದಲು ತೆಗೆಯುವ ಕ್ರೀಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ, ಬಲವಾದ ಕ್ಷಾರದ ಜತೆ ಸೇರಿ ಕೂದಲಿನ ಕೆರಟಿನನ್ನು ಕರಗಿಸುತ್ತದೆ. ಆ ಕೆಟ್ಟ ವಾಸನೆ ಬರುವುದು ಅದರಿಂದಲೇ. ಚರ್ಮದಲ್ಲಿಯೂ ಕೆರಟಿನ್ನೇ ಇದೆ ಎಂಬುದು ಕ್ರೀಮಿಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ಬರೆದ ನಿಮಿಷ ಮೀರಿದರೆ ಸುಡುತ್ತದೆ. ಹಿಂದಿನ ದಿನ ಒಂದು ರೂಪಾಯಿ ಅಗಲದ ಜಾಗಕ್ಕೆ ಹಚ್ಚಿ ನೋಡದೆ ಇಡೀ ಎದೆಗೆ ಬಳಿದುಕೊಳ್ಳುವವರು ಧೈರ್ಯವಂತರು.

ರೇಜರಿನ ಮೇಲೆ ಇರುವ ಆಪಾದನೆ ಮಾತ್ರ ಅನ್ಯಾಯದ್ದು. ಬೋಳಿಸಿದರೆ ದಪ್ಪಗೆ, ಕಪ್ಪಗೆ, ಒತ್ತಾಗಿ ಬೆಳೆಯುತ್ತದೆ ಎಂದು ನಮ್ಮಮ್ಮನಿಂದ ಹಿಡಿದು ಜಿಮ್ಮಿನ ಮಾಸ್ತರವರೆಗೆ ಎಲ್ಲರೂ ಹೇಳುತ್ತಾರೆ. ೧೯೨೮ರಷ್ಟು ಹಿಂದೆಯೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಗಂಡಸರ ಬೋಳಿಸಿದ ಗಡ್ಡವನ್ನು ಅಳೆದು ಹಾಗೇನೂ ಇಲ್ಲ ಎಂದು ತೋರಿಸಿದ್ದರು. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಬ್ಲೇಡು ಅದನ್ನು ಮೊಂಡು ಮಾಡುತ್ತದೆ, ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ. ರೇಜರಿನ ನಿಜವಾದ ದೋಷ ಬೇರೆ. ಎದೆಯ ಕೂದಲು ಗುಂಗುರು. ಚರ್ಮದ ಮಟ್ಟಕ್ಕೆ ಕತ್ತರಿಸಿದ ಗುಂಗುರು ಕೂದಲು ಮತ್ತೆ ಬೆಳೆಯುವಾಗ ಬಾಗಿ ಒಳಕ್ಕೇ ಚುಚ್ಚಿಕೊಳ್ಳುತ್ತದೆ. ಆಗ ಗುಳ್ಳೆ. ಎರಡನೇ ದಿನದಿಂದ ತುರಿಕೆ. ಕ್ಲಾಸಿನಲ್ಲಿ ಕೂತು ಎದೆ ಕೆರೆದುಕೊಳ್ಳುವ ಅವಸ್ಥೆ ಶತ್ರುವಿಗೂ ಬೇಡ.

ಇನ್ನು ಲೇಸರ್. ವಾಶಿ, ನೆರೂಳ, ಠಾಣೆಯಲ್ಲೆಲ್ಲ ಇದರ ಬೋರ್ಡುಗಳಿಗೆ ಬರವಿಲ್ಲ. ನೆರೂಳದಲ್ಲಿರುವ ನನ್ನ ಚಿಕ್ಕಪ್ಪನ ಮಗ, ವಯಸ್ಸು ೨೧, ಆರು ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಿದ. "ಶಾಶ್ವತ" ಎಂದಿದ್ದರಂತೆ. ವರ್ಷ ಕಳೆಯುವುದರಲ್ಲಿ ಅರ್ಧಕ್ಕರ್ಧ ಮತ್ತೆ ಹಾಜರು, ಜತೆಗೆ ಹುಲಿವೇಷದವರ ಹಾಗೆ ಎದೆಯ ಮೇಲೆ ಕಂದು ಪಟ್ಟೆ. ಅವನಿಗೆ ಯಾರೂ ಹೇಳದಿದ್ದ ಎರಡು ಸಂಗತಿಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂದು, ಲೇಸರ್ ಕಿರಣ ಹುಡುಕುವುದು ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು. ಬಿಳಿಚರ್ಮದವನಲ್ಲಿ ಅದು ಹೆಚ್ಚಾಗಿ ಕೂದಲಿನಲ್ಲೇ ಸಿಗುತ್ತದೆ, ಚರ್ಮದಲ್ಲಿ ಕಡಿಮೆ. ನಮ್ಮಲ್ಲಿ ಚರ್ಮದಲ್ಲೂ ಧಾರಾಳ. ಹಾಗಾಗಿ ಮೆಶಿನ್ನು ತಪ್ಪಿದರೆ, ಶಕ್ತಿ ಹೆಚ್ಚಾದರೆ ಚರ್ಮವೇ ಸುಡುತ್ತದೆ. ೧೦೬೪ ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ೭೫೫ರ ಅಲೆಕ್ಸಾಂಡ್ರೈಟ್ ನಮಗೆ ಅಪಾಯದ್ದು. ಯಾವುದರಲ್ಲಿ ಮಾಡುತ್ತೀರಿ, ಯಾರು ಮಾಡುತ್ತಾರೆ, ಚರ್ಮವೈದ್ಯರು ಒಳಗಿದ್ದಾರೆಯೋ ಎಂದು ಕೇಳಬೇಕು. ಕೇಳಿದಾಗ ರಿಸೆಪ್ಷನಿನವರು ಮುಖ ಮುಖ ನೋಡಿಕೊಂಡರೆ ಎದ್ದು ಬರಬೇಕು.

ಎರಡನೆಯದು ಇನ್ನೂ ಮುಖ್ಯ. ಮುಖದ ಮೀಸೆಯ ಹಾಗಲ್ಲ, ಎದೆಗೂದಲು ಹದಿನೇಳು ಹದಿನೆಂಟಕ್ಕೆ ಶುರುವಾಗಿ ಇಪ್ಪತ್ತರ ಹರೆಯವೆಲ್ಲ ಹೊಸ ಹೊಸ ಜಾಗದಲ್ಲಿ ಹುಟ್ಟುತ್ತಲೇ ಇರುತ್ತದೆ. ಲೇಸರ್ ಸುಡುವುದು ಇವತ್ತು ಬೆಳೆಯುತ್ತಿರುವ ಕೂದಲನ್ನು. ನಾಳೆ ಹುಟ್ಟುವುದನ್ನಲ್ಲ. ನಮ್ಮ ವಯಸ್ಸಿನಲ್ಲಿ ಲೇಸರ್ ಮಾಡಿಸುವುದೆಂದರೆ ಆಷಾಢದಲ್ಲಿ ಅಂಗಳದ ಹುಲ್ಲು ಕಿತ್ತ ಹಾಗೆ. ಅಮೆರಿಕದ ಸರಕಾರಿ ನಿಯಂತ್ರಕರೂ ಇದಕ್ಕೆ ಒಪ್ಪಿರುವ ಮಾತು ಕೂದಲು "ಕಡಿಮೆ" ಮಾಡುವುದು ಎಂದು, "ನಿರ್ಮೂಲ" ಎಂದಲ್ಲ. ಮೂವತ್ತು ದಾಟಿದ ಮೇಲೆ ಕೈಯಲ್ಲಿ ಸಂಬಳವಿದ್ದರೆ ಯೋಚಿಸಬಹುದು. ಅಪ್ಪನ ದುಡ್ಡಿನಲ್ಲಿ, ಅದೂ ಹೋಟೆಲಿನಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿ ಬೇಯಿಸುವ ಅಪ್ಪನ ದುಡ್ಡಿನಲ್ಲಿ, ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ಮತ ಟ್ರಿಮ್ಮರಿಗೆ. ಈ ಜ್ಞಾನೋದಯ ನನಗಾದದ್ದು ಜಿಮ್ಮಿನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ದೊಡ್ಡಪ್ಪನಿಗೆ ಬೈಪಾಸ್ ಆಯಿತು. ಹಿಂದಿನ ದಿನ ಎದೆ ಬೋಳಿಸಲಿಕ್ಕೆ ಬರುತ್ತಾರೆ ಎಂದು ನಾನು ಹೊಸ ಬ್ಲೇಡು ತಂದಿಟ್ಟಿದ್ದೆ. ನರ್ಸು ಅದನ್ನು ಮುಟ್ಟಲೂ ಇಲ್ಲ. ಕರೆಂಟಿನ ಕ್ಲಿಪ್ಪರ್ ತಂದು ಹುಲ್ಲು ಸವರಿದ ಹಾಗೆ ಸವರಿ ಹೋದರು. ಕೇಳಿದ್ದಕ್ಕೆ, "ಬ್ಲೇಡು ಕಣ್ಣಿಗೆ ಕಾಣದ ಗಾಯ ಮಾಡುತ್ತೆ, ಅದರಲ್ಲಿ ಸೋಂಕು ಹಿಡಿಯುತ್ತೆ" ಎಂದರು. ಆಮೇಲೆ ಓದಿ ನೋಡಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೂದಲು ತೆಗೆಯಲೇಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ ಮಾತ್ರ, ರೇಜರು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಹೇಳಿದೆ. ಎದೆ ಸೀಳುವ ಮುಂಚೆ ಯಾವುದು ಸುರಕ್ಷಿತವೋ ಅದು ಲೋಕಲ್ ಹತ್ತುವ ಮುಂಚೆಯೂ ಸುರಕ್ಷಿತವೇ ಇರಬೇಕು.

ಈಗ ನಾನು ಮಾಡುವುದಿಷ್ಟೆ. ಎರಡು ಮೂರು ವಾರಕ್ಕೊಮ್ಮೆ, ರಾತ್ರಿ, ಸ್ನಾನಕ್ಕೆ ಮುಂಚೆ, ಕೂದಲು ಒಣಗಿದ್ದಾಗ ಮೂರು ಮಿಲಿಮೀಟರಿನ ಬಾಚಣಿಗೆ ಸಿಕ್ಕಿಸಿ ಸವರುವುದು. ಚರ್ಮಕ್ಕೆ ಅಲಗು ತಾಗುವುದಿಲ್ಲ, ಬುಡ ಕೀಳುವುದಿಲ್ಲ, ಕೂದಲು ಒಳಕ್ಕೆ ಬಾಗುವಷ್ಟು ಗಿಡ್ಡವೂ ಆಗುವುದಿಲ್ಲ. ಕೆಳಗೆ ಹಳೆ ಪೇಪರು ಹಾಸಬೇಕು. ಇಲ್ಲದಿದ್ದರೆ ಮೋರಿ ಕಟ್ಟುತ್ತದೆ, ರೂಮಿನವರು ಕೈಲಾಗುತ್ತಾರೆ. ನುಣುಪೇ ಬೇಕು ಎಂದು ಹಟ ಹಿಡಿಯುವವರು, ಉದಾಹರಣೆಗೆ ದೇಹದಾರ್ಢ್ಯ ಸ್ಪರ್ಧೆಗೆ ನಿಲ್ಲುವ ನಮ್ಮ ಕಲ್ಯಾಣದ ಗೆಳೆಯರು, ಹೀಗೆ ಸವರಿದ ಮೇಲೆ ಬಿಸಿನೀರು, ನೊರೆ, ಹೊಸ ಬ್ಲೇಡು ಹಿಡಿದು ಕೂದಲು ಮಲಗಿದ ದಿಕ್ಕಿನಲ್ಲೇ ಬೋಳಿಸಲಿ. ಅದೂ ರಾತ್ರಿಯೇ.

ಬಂಡವಾಳಶಾಹಿಯ ಪಿತೂರಿ ಎಂದ ಮಿತ್ರರಿಗೆ ಒಂದು ಮಾತು. ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅನಿಲ್ ಕಪೂರ್ ಎದೆಗೂದಲಿನಲ್ಲೇ ನಾಯಕನಾಗಿದ್ದ. ೧೯೯೮ರಲ್ಲಿ ಸಲ್ಮಾನ್ ಖಾನ್ ಅಂಗಿಯಿಲ್ಲದೆ ಗಿಟಾರು ಹಿಡಿದು ಕುಣಿದದ್ದೇ ತಡ, ನುಣುಪೆದೆ ಊರೂರಿಗೆ ಹಬ್ಬಿತು. ಆದರೆ ನುಣುಪೆದೆಯನ್ನು ಅವನೇ ಕಂಡುಹಿಡಿದನೆಂದರೆ ತಪ್ಪಾಗುತ್ತದೆ. ಚಾವುಂಡರಾಯ ೯೮೧ರಲ್ಲಿ ನಿಲ್ಲಿಸಿದ ಗೊಮ್ಮಟನ ಎದೆಯಲ್ಲೂ ಕೂದಲಿಲ್ಲ. ಅದೇ ಬೆಳಗೊಳದಲ್ಲಿ ಮುನಿಗಳು ಕೇಶಲೋಚ ಮಾಡಿ ತಲೆಗೂದಲನ್ನೂ ಗಡ್ಡವನ್ನೂ ಕೈಯಿಂದಲೇ ಕಿತ್ತುಕೊಳ್ಳುವುದು ದೇಹದ ಮೋಹ ಬಿಡಲಿಕ್ಕೆ. ನಾನು ಕೀಳಿಸಿಕೊಂಡದ್ದು ಯಾವುದಕ್ಕೆ ಎಂಬುದನ್ನು ಮೇಲೆಯೇ ಹೇಳಿದ್ದೇನೆ.

ಗಂಡಸುತನದ ಮಾತೆತ್ತಿದವರಿಗೆ ಉತ್ತರ ಕೃಷ್ಣಮಠದ ಸಾಲಿನಲ್ಲಿದೆ. ಅಂಗಿ ತೆಗೆದು ನಿಂತ ನೂರಾರು ಗಂಡಸರಲ್ಲಿ ಕಂಬಳಿಯಂಥ ಎದೆಯಿತ್ತು, ಬಾಳೆದಿಂಡಿನಂಥದ್ದಿತ್ತು, ಜನಿವಾರವಿದ್ದದ್ದು, ಇಲ್ಲದ್ದು, ನರೆತದ್ದು, ಹೊಲಿಗೆ ಹಾಕಿದ್ದು ಎಲ್ಲ ಇತ್ತು. ಯಾರೂ ಯಾರ ಎದೆಯನ್ನೂ ನೋಡುತ್ತಿರಲಿಲ್ಲ. ದೊಡ್ಡಮ್ಮನೊಬ್ಬರು ನೋಡಿದರು, ಗುಳ್ಳೆ ಇದ್ದದ್ದರಿಂದ.

ದೊಡ್ಡಪ್ಪನ ಎದೆಯಲ್ಲಿ ಈಗ ಹೊಲಿಗೆಯ ಎರಡೂ ಬದಿಗೆ ಕೂದಲು ಮತ್ತೆ ಬಂದಿದೆ. ಟ್ರಿಮ್ಮರ್ ನನ್ನ ಹತ್ತಿರ ಇದೆ. ರೂಮಿನ ಇಬ್ಬರು ಕಡ ಕೇಳಿದ್ದಾರೆ, ಕೊಟ್ಟಿಲ್ಲ. ಚರ್ಮದ ಸೋಂಕು ಹಾಗೆಯೇ ಹಬ್ಬುವುದಂತೆ. ಬೇಕಾದವರು ತಮ್ಮದೇ ಒಂದು ಕೊಂಡುಕೊಳ್ಳಲಿ.