ದಂಡ ಕಟ್ಟುವ ಮುನ್ನ ಚಿತ್ರ ನೋಡಿ

ರಸ್ತೆಯ ಕ್ಯಾಮೆರಾ ವಾಹನದ ನಂಬರನ್ನು ಓದುತ್ತದೆ, ಸವಾರ ಯಾರೆಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮಗ ಸಿಗ್ನಲ್ ದಾಟಿದರೂ ಚಲನ್ ಬರುವುದು ಗಾಡಿಯ ಮಾಲೀಕರಾದ ಅಪ್ಪನ ಹೆಸರಿಗೆ. ಬೈಗುಳ ಆಮೇಲಿರಲಿ; ಮೊದಲು ಇಬ್ಬರೂ ಕೂತು ಪರಿವಾಹನ್ ಇ-ಚಲನ್ ತಾಣದಲ್ಲಿ ವಿವರ ನೋಡಿ.

2021ರ ಕೇಂದ್ರ ನಿಯಮದಂತೆ ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು. ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಚಿತ್ರ, ದಿನಾಂಕ, ಸಮಯ, ಸ್ಥಳ ಇರಬೇಕು. ಪ್ರಯೋಗಶಾಲೆಯಲ್ಲಿ ಮಾಪಕ ಓದುವಂತೆ ಒಂದೊಂದೇ ಅಂಕಿ ಓದಿ. ಗಾಡಿ ನಿಮ್ಮದೇ ಏನು?

ತಪ್ಪು ನಿಮ್ಮದಾದರೆ ಕಟ್ಟಿಬಿಡಿ. ಅಲ್ಲವಾದರೆ ಅವಸರ ಬೇಡ. ಪ್ರಕರಣ ವರ್ಚುವಲ್ ನ್ಯಾಯಾಲಯಕ್ಕೆ ಹೋಗಿದ್ದರೆ, ಅಲ್ಲಿ ದಂಡ ಕಟ್ಟುವುದೆಂದರೆ ತಪ್ಪೊಪ್ಪಿಗೆ. ವಾದಿಸುತ್ತೇನೆ ಎಂದು ತಿಳಿಸಿದರೆ ಅದು ಆ ವ್ಯಾಪ್ತಿಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಹೆದರಿ ಕಟ್ಟುವುದೂ ಬೇಡ, ನೋಟಿಸನ್ನು ಮೂಲೆಗೆಸೆಯುವುದೂ ಬೇಡ.