ಚಿತ್ರ ಬರೆಯಲು ಯಾರ ಅಪ್ಪಣೆ ಬೇಕು?



“ಸಾರ್, ನನಗೆ ಚಿತ್ರ ಬರೆಯಲು ಬರುವುದಿಲ್ಲ.” ಐವತ್ತು ದಾಟಿದವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮನೆ ಕಟ್ಟಿಸಿದವರು, ಮಕ್ಕಳ ಮದುವೆ ಮಾಡಿ ಮುಗಿಸಿದವರು, ಮೊಮ್ಮಗಳು ಬಣ್ಣದ ಪೆಟ್ಟಿಗೆ ಚಾಚಿದರೆ ಮಾತ್ರ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವರು ಅಂಗಳಕ್ಕೇ ಇಳಿಯುವುದಿಲ್ಲ. ಇದನ್ನು ವಿನಯವೆಂದು ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಪರೀಕ್ಷೆಯ ಭಯ. ಶಾಲೆ ಬಿಟ್ಟು ದಶಕಗಳು ಕಳೆದರೂ ಇವರನ್ನು ಬಿಡದ ಭಯ.

ನಮ್ಮ ಹಿರಿಯರಿಗೆ ಈ ಭಯವಿರಲಿಲ್ಲ. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನೆಯಿರಿ. ಜಿಗುಟು ಮಣ್ಣು ತಂದು, ನಾದಿ, ಮನೆಮಂದಿಯೆಲ್ಲ ಕುಳಿತು ಎತ್ತು ಮಾಡುತ್ತಿದ್ದರು. ಒಂದು ಕೊಂಬು ಉದ್ದ, ಒಂದು ಗಿಡ್ಡ; ಹಿಣಿಲು ಒಂದು ಕಡೆಗೆ ವಾಲಿದ್ದರೂ ಪೂಜೆಗೆ ಕುಂದಿಲ್ಲ. ಪೂಜೆ ಮುಗಿದ ಮೇಲೆ ಅದು ನೀರಿಗೆ. ಉಳಿಸಿಕೊಳ್ಳುವ ಹಂಗಿಲ್ಲದ ಕಾರಣ ಕೆಟ್ಟೀತೆಂಬ ಅಂಜಿಕೆಯೂ ಇರಲಿಲ್ಲ. ಇಂದು ಪೇಟೆಯಿಂದ ಅಚ್ಚಿನ ಎತ್ತು ತರುತ್ತೇವೆ. ಕೊಂಬುಗಳೆರಡೂ ಸಮನಾಗಿವೆ, ನಮ್ಮ ಕೈಗೆ ಮಾತ್ರ ಮಣ್ಣು ಮೆತ್ತಿಲ್ಲ.

ನಮ್ಮ ಎಸ್.ಎಸ್. ಬಡಾವಣೆಯಲ್ಲೇ ಬೆಳಗಿನ ಹೊತ್ತು ಒಂದು ಸುತ್ತು ನಡೆದು ನೋಡಿ. ಹದಿನೈದರಿಂದ ಒಂದರವರೆಗೆ ಚುಕ್ಕಿಯಿಟ್ಟು, ಪುಸ್ತಕ ನೋಡದೆ ಎಳೆಯೆಳೆದು ಸೇರಿಸುವ ತಾಯಂದಿರು ಇಂದಿಗೂ ಇದ್ದಾರೆ. ಅವರನ್ನೇ ಕೇಳಿ: “ನಮಗೆ ಚಿತ್ರಗಿತ್ರ ಬರೋದಿಲ್ಲಪ್ಪ” ಎನ್ನುತ್ತಾರೆ! ನೆಲದ ಮೇಲೆ ನಿತ್ಯವೂ ಮಾಡುವ ಕೆಲಸಕ್ಕೆ ಕಲೆಯೆಂಬ ಹೆಸರನ್ನು ಅವರಿಗೆ ಯಾರೂ ಕೊಟ್ಟಿಲ್ಲ. ಕೊಟ್ಟರೂ ಸ್ಪರ್ಧೆಯಿಟ್ಟು, ಮೂವರು ತೀರ್ಪುಗಾರರನ್ನು ಕೂರಿಸಿ ಕೊಡುತ್ತೇವೆ. ಮರುವರ್ಷ ಬಹುಮಾನ ಬಾರದವರು ಪ್ಲಾಸ್ಟಿಕ್ ರಂಗೋಲಿ ಅಂಟಿಸಿದರೆ ಆಶ್ಚರ್ಯವೇನು?

ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚ ಹಿಡಿದು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆಚಿತ್ತಾರ ಬರೆಯುತ್ತ ಬಂದಿದ್ದಾರೆ. ಭೂಮಿಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ. ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಕೈಗಳವು. ಅಲ್ಲಿ ಯಾರೂ ಪ್ರಮಾಣಪತ್ರ ಕೇಳಲಿಲ್ಲ.

“ಕಲಿಯದೆ ಗೀಚುವುದು ಕಲೆಗೆ ಅಪಚಾರ” ಎನ್ನುವ ಪಂಡಿತರಿದ್ದಾರೆ. ಕಲಿಕೆಯನ್ನು ನಾನು ಹಳಿಯುತ್ತಿಲ್ಲ. 1964ರಲ್ಲಿ ನಮ್ಮೂರಿನಲ್ಲಿ ಆರಂಭವಾದ ಚಿತ್ರಕಲಾ ಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಅದು ನಮ್ಮ ಹೆಮ್ಮೆ. ಆದರೆ ಹಾಡುಗಾರನಾಗದವನು ಜೋಗುಳ ಹಾಡಬಾರದೆ? ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಮೇಲೆ ಗೀಚುತ್ತ ಗೀಚುತ್ತಲೇ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶವನ್ನೇ ನಿರಾಕರಿಸಿತ್ತು. ಅವರು ಪೆನ್ಸಿಲ್ ಕೆಳಗಿಟ್ಟಿದ್ದರೆ ‘ಶ್ರೀಸಾಮಾನ್ಯ’ ಹುಟ್ಟುತ್ತಿರಲಿಲ್ಲ.

ಆದರೆ ಇಂಥ ದೊಡ್ಡ ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸಬಲ್ಲವು. ನೀವು ಠಾಕೂರರಾಗಬೇಕಿಲ್ಲ. ನಿಮ್ಮ ಚಿತ್ರ ಕೊನೆಯವರೆಗೂ ಸೊಟ್ಟಗೇ ಇರಬಹುದು. ಇರಲಿ! ಹದಿನೈದರ ಪ್ರಾಯದಿಂದೀಚೆಗೆ ಬರುವ ಕೆಲಸವನ್ನು ಮಾತ್ರ ಮಾಡಿದವನು ಹೊಸದಾಗಿ ಏನನ್ನು ಕಲಿತಾನು? ಕಲಿಕೆಯ ಮೊದಲ ಗೆರೆ ಎಂದೂ ಸೊಟ್ಟಗಿನದೇ. ಅಕ್ಷರ ತಿದ್ದಿಸಿದ ಮೇಷ್ಟ್ರುಗಳೆಲ್ಲ ಇದನ್ನು ಬಲ್ಲರು.

“ಈ ವಯಸ್ಸಿಗೆ ಇದೆಲ್ಲ ಏಕೆ, ಕಾಲಹರಣ” ಎನ್ನುವವರು ಸಂಜೆಯ ಧಾರಾವಾಹಿಗಳನ್ನೂ ಮೊಬೈಲನ್ನೂ ಮೊದಲು ಲೆಕ್ಕ ಹಾಕಲಿ. ನನ್ನ ಚಿಂತೆ ನಿಮ್ಮ ಹೊತ್ತು ಕಳೆಯುವುದರ ಬಗೆಗಲ್ಲ. ನೀವು ಕೈ ಹಿಂದಕ್ಕೆಳೆದುಕೊಂಡಾಗ ಎದುರಿಗಿರುವ ಮೊಮ್ಮಗಳು ನೋಡುತ್ತಿರುತ್ತಾಳೆ. ದೊಡ್ಡವರಾದ ಮೇಲೆ ಆಡಬಾರದು, ತಪ್ಪಬಾರದು ಎಂಬ ಪಾಠ ಅವಳಿಗೆ ಅಲ್ಲೇ ಆಗಿಹೋಗುತ್ತದೆ. ನಮ್ಮ ಭಯ ಆಸ್ತಿಯಂತೆ ವಂಶಪಾರಂಪರ್ಯವಾಗುವುದು ಹೀಗೆ.

ಆದ್ದರಿಂದ ಈ ಭಾನುವಾರ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿಯಿರಿ. ಅದರ ಬೆನ್ನಿಗೆ ನೀವು ಹುಟ್ಟಿದ ಮನೆಯನ್ನು ಬರೆಯಿರಿ. ಕಂಬ ಬಾಗಲಿ, ಹಸುವಿಗೆ ಮೂರೇ ಕಾಲಿರಲಿ. ಬರೆದಾದ ಮೇಲೆ ನನಗೊಂದು ಸಾಲು ತಿಳಿಸಿ, ಸಂತೋಷಪಡುತ್ತೇನೆ. ಚಿತ್ರವನ್ನು ಮಾತ್ರ ಕಳುಹಿಸಬೇಡಿ. ಮೇಷ್ಟ್ರ ಕೈ, ಅಂಕ ಹಾಕಿಬಿಟ್ಟೀತು!